ನಾಯಿಯ ಪಥ್ಯ, ನನ್ನ ಮದುವೆ

ಗಂಡಿನ ಕಡೆಯವರು ನನ್ನನ್ನು ನೋಡಲು ಮೈಸೂರಿನ ನಮ್ಮ ಮನೆಗೆ ಬಂದ ದಿನ, ನಾನು ಹಾಡಲು ಕೂತಿದ್ದ ಜಮಖಾನದ ಮೇಲೆಯೇ ನಮ್ಮ ನಾಯಿ ಅಂಡು ಎಳೆದುಕೊಂಡು ಈ ತುದಿಯಿಂದ ಆ ತುದಿಗೆ ಹೋಯಿತು. ಕೊಳೆತ ಮೀನಿನಂಥ ವಾಸನೆ ಎದ್ದಿತು. ಅಮ್ಮ ಸೆರಗನ್ನು ಮೂಗಿಗೆ ಹಿಡಿದರು. ಅಪ್ಪ ಊದುಬತ್ತಿ ಹುಡುಕಲು ಓಡಿದರು.

ಹುಡುಗನ ತಂದೆ ಮಾತ್ರ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, ನಾಯಿಯ ಬಾಲವೆತ್ತಿ ನೋಡಿದರು. ಅವರು ದನದ ಡಾಕ್ಟರು.

“ಇದಕ್ಕೆ ಊಟ ಹಾಕೋದು ಯಾರಮ್ಮ?”

“ನಾನೇ. ಹಾಲನ್ನ ಹಾಕ್ತೀನಿ,” ಎಂದೆ. ರೇಷನ್ ಅಕ್ಕಿಯ ಆ ಕಾಲದಲ್ಲೂ ಅಪ್ಪ ನಾಯಿಗೆ ಬೇರೇನೂ ಹಾಕಗೊಡುತ್ತಿರಲಿಲ್ಲ.

“ಬರೀ ಹಾಲನ್ನ ತಿಂದ್ರೆ ಮಲ ತೆಳ್ಳಗಾಗುತ್ತೆ ಕಣಮ್ಮ. ಗುದದ ಪಕ್ಕ ಎರಡು ಸಣ್ಣ ಚೀಲ ಇರ್ತವೆ. ಮಲ ಗಟ್ಟಿಯಾಗಿ ಬಂದ್ರೆ ಅವು ತಾವೇ ಹಿಂಡ್ಕೊಂಡು ಖಾಲಿಯಾಗ್ತವೆ. ಇಲ್ದಿದ್ರೆ ತುಂಬ್ಕೊಂಡು ನವೆಯಾಗುತ್ತೆ. ನಾರು ಬೇಕು. ರಾಗಿ ಮುದ್ದೆ, ಬೇಯಿಸಿದ ಸಿಹಿಗುಂಬಳ, ಸ್ವಲ್ಪ ತೌಡು ಹಾಕು.”

ಆಮೇಲೆ ನಡೆದದ್ದೆಲ್ಲ ನಾಯಿಯ ಮಲದ ಮಾತೇ. ವಾರಗಟ್ಟಲೆ ಕಲಿತ ನನ್ನ ಹಾಡನ್ನು ಯಾರೂ ಕೇಳಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಸಿಟ್ಟಿನಲ್ಲಿ ಹುಡುಗನ ಮುಖ ನೋಡುವುದನ್ನೇ ಮರೆತೆ. ಆದರೂ ಹುಡುಗಿ ಒಪ್ಪಿಗೆ ಎಂದು ಹೇಳಿಕಳಿಸಿದರು. ಪಥ್ಯದಿಂದ ನಾಯಿಗೂ ಗುಣವಾಯಿತು.

ಮದುವೆಯಾಗಿ ಗಂಡನ ಮನೆಯಲ್ಲಿ ಮೊದಲ ದಿನ ಊಟಕ್ಕೆ ಕೂತೆ. ಎಲೆಯ ಮೇಲೆ ರಾಗಿ ಮುದ್ದೆ, ಬೇಯಿಸಿದ ಸಿಹಿಗುಂಬಳ. ದಂಗಾಗಿ ಅತ್ತೆಯ ಮುಖ ನೋಡಿದೆ. ಅವರು ತೌಡಿನ ಡಬ್ಬಿ ಹಿಡಿದು ನಿಂತಿದ್ದರು.

“ಸುಮ್ನೆ ತಿಂದ್ಬುಡಮ್ಮ,” ಎಂದು ಪಿಸುಗುಟ್ಟಿದರು. “ಗಟ್ಟಿಯಾಗಿ ಬಂತಾ ಅಂತ ಬೆಳಿಗ್ಗೆ ನಿಮ್ಮ ಮಾವ ಎಲ್ಲರನ್ನೂ ಕೇಳ್ತಾರೆ.”