ಕಾಳವ್ವ ಪದ ಎತ್ತಿದ್ದು

ಗೈಡು ಹಿಡಿದುಕೊಂಡು ಮನೆಗೆ ಬರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಒಂದು ಕೋಣೆಯ ಮಕ್ಕಳೆಲ್ಲ ಒಂದೇ ಗೈಡಿನ ಒಂದೇ ವಾಕ್ಯವನ್ನು, ಅದರ ಅಚ್ಚಿನ ತಪ್ಪೂ ಸಹಿತ, ಬರೆದಿಟ್ಟದ್ದನ್ನು ಓದಿ ಓದಿ ಬೇಸತ್ತಿದ್ದೇನೆ. ಹೀಗಾಗಿ ದೀಪಾವಳಿ ಮುಗಿದ ವಾರ ನಮ್ಮ ಉಣಕಲ್ಲಿನ ಓಣಿಯ ಕಾಳವ್ವ ಸೆರಗಿನಲ್ಲಿ ಗೈಡು ಮುಚ್ಚಿಕೊಂಡು ಬಂದು ಬಾಗಿಲಲ್ಲಿ ನಿಂತಾಗ, ಮೊದಲು ಅದನ್ನು ಹೊರಗಿಟ್ಟು ಬಾ ಎಂದೆ.

"ಹೊರಗ ಇಡತೇನ್ರಿ ಅಕ್ಕೋರ. ಆದ್ರ ಅದರಾಗಿಂದೆಲ್ಲಾ ತಲ್ಯಾಗ ಹೋಗಿ ಕುಂತೈತಿ. ಅದನ್ನೆಲ್ಲಿ ಇಡ್ಲಿ?" ಎಂದಳು.

ಇಂಥವಳ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡುವುದು? ಒಳಗೆ ಕರೆದು ಚಹಾ ಕೊಟ್ಟೆ.

ಕಾಳವ್ವನಿಗೆ ಆಗ ನಲವತ್ತು ದಾಟಿತ್ತು. ದೇಶಪಾಂಡೆ ನಗರದ ಒಂದು ಬಾಲವಾಡಿಯಲ್ಲಿ ಆಯಾ ಕೆಲಸ. ಮುಂಜಾನೆ ಗಂಡ ಮುರುಗೆಪ್ಪನಿಗೆ ಬುತ್ತಿ ಕಟ್ಟಿಕೊಟ್ಟು ಚಿಗರಿ ಬಸ್ಸು ಹಿಡಿದರೆ, ಸಂಜೆಯವರೆಗೂ ಕಸ ಹೊಡೆಯುವುದು, ಮೂಗು ಒರೆಸುವುದು, ಚಡ್ಡಿ ಬದಲಿಸುವುದು. ಅಳುವ ಕೂಸುಗಳೆಲ್ಲ ಟೀಚರ್ ಮಯೂರಿಯನ್ನು ಬಿಟ್ಟು ಇವಳ ಸೀರೆಯನ್ನೇ ಹಿಡಿಯುತ್ತಿದ್ದವು. ಆ ಮಯೂರಿಗೆ ಮದುವೆ ಗೊತ್ತಾಗಿತ್ತು, ಬೇಸಿಗೆಗೆ ಸೊಲ್ಲಾಪುರಕ್ಕೆ ಹೋಗುವವಳಿದ್ದಳು. ಎಸ್ಸೆಸ್ಸೆಲ್ಸಿ ಪಾಸು ಮಾಡಿಕೊಂಡು ಬಾ, ಸಣ್ಣ ಮಕ್ಕಳ ವರ್ಗ ನಿನಗೇ ಕೊಡುತ್ತೇವೆ, ಇಲ್ಲದಿದ್ದರೆ ಜೂನಿಗೆ ಬೇರೆಯವರನ್ನು ತರುತ್ತೇವೆ ಎಂದು ಬಾಲವಾಡಿಯ ಹಿರಿಯರು ಹೇಳಿದ್ದರು. ಕಾಳವ್ವನಿಗೆ ಬೇಕಾಗಿದ್ದದ್ದು ಆ ವರ್ಗ, ಆ ಮಕ್ಕಳು.

ಹಿಂದಿನ ವರ್ಷವೇ ಆಕೆ ಹೊರಗಿನಿಂದ ಪರೀಕ್ಷೆಗೆ ಕಟ್ಟಿದ್ದಳು. ಒಂದೇ ವಿಷಯದಲ್ಲಿ ನಪಾಸು.

"ಗಣಿತ ಪಾಸ್ ಆತ್ರಿ, ಇಂಗ್ಲಿಷ್ ಸುದ್ದಾ ದಾಟಿದೆ. ಕನ್ನಡದಾಗ ಕುಂತೆ. ಹುಟ್ಟಿದಾಗಿಂದ ಕನ್ನಡಾನ ಮಾತಾಡಾಕತ್ತೇನಿ, ಕನ್ನಡದಾಗ ನಪಾಸ್! ಓಣ್ಯಾಗ ಮುಖ ಎತ್ತದಂಗ ಆಗೇತಿ," ಎಂದಳು.

ತೊಡಕು ಇದ್ದದ್ದು ಪದ್ಯಭಾಗದಲ್ಲಿ. ಕಂಠಪಾಠದ ಪದ್ಯವನ್ನು ನೆನಪಿನಿಂದ ಬರೆಯಬೇಕು, ಜೊತೆಗೆ ಒಂದು ಪದ್ಯದ ಮೇಲೆ ಪ್ರಬಂಧದಂಥ ದೀರ್ಘ ಉತ್ತರ ಬರೆಯಬೇಕು. ಈಕೆಗೆ ಬರುವುದಿಲ್ಲವೇನೋ ಎಂದುಕೊಂಡು ಪರೀಕ್ಷಿಸಲು ಕೂತೆ. ಪಠ್ಯದಲ್ಲಿ ಬಾವಿಕಟ್ಟೆಯ ಬಗ್ಗೆ ಒಂದು ಪದ್ಯವಿತ್ತು. ಹಗ್ಗ ತಿಕ್ಕಿ ತಿಕ್ಕಿ ಕಲ್ಲಿನಲ್ಲಿ ಬಿದ್ದ ಗೆರೆಗಳ ಕುರಿತದ್ದು. ನಾನು ಅದರ ಮೊದಲ ಸಾಲು ಆಡುವಷ್ಟರಲ್ಲಿ ಆಕೆ ಮುಂದಿನದನ್ನು ಕಸಿದುಕೊಂಡಳು. ಸಾರಾಂಶ ಕೇಳಿದೆ. "ಈ ಪದ್ಯದಲ್ಲಿ ಕವಿಯು" ಎಂದು ನಾನು ಶುರು ಮಾಡಿದ್ದೇ ತಡ, "ಹಳ್ಳಿಯ ಬದುಕನ್ನು ಮನಮುಟ್ಟುವಂತೆ ಚಿತ್ರಿಸಿದ್ದಾರೆ" ಎಂದು ಹಾಡಿಯೇಬಿಟ್ಟಳು. ಒಂದು ಅಕ್ಷರ ಅತ್ತಿತ್ತ ಇಲ್ಲ. ಇಷ್ಟು ಬರುವವಳನ್ನು ನಪಾಸು ಮಾಡಿದ ಆ ಮಾಸ್ತರ ಯಾರೋ ಎಂದು ಮನಸ್ಸಿನಲ್ಲೇ ಬೈದೆ.

ಇಷ್ಟು ಚೆನ್ನಾಗಿ ಹೇಗೆ ಬಾಯಿಪಾಠ ಮಾಡಿದೆ ಎಂದು ಕೇಳಿದರೆ, ಸೋಮವಾರ ಗುಡಿಗೆ ಬಂದು ನೋಡಿರಿ ಎಂದಳು.

ಹೋದೆ. ನಮ್ಮ ಓಣಿಯ ಬಸವಣ್ಣನ ಗುಡಿಯಲ್ಲಿ ಸೋಮವಾರ ಸಂಜೆ ಹೆಣ್ಣುಮಕ್ಕಳ ಭಜನೆ. ಪದ ಎತ್ತುವವಳು ಕಾಳವ್ವನ ನೆಗೆಣ್ಣಿ, ಮನೆಯ ಹಿರಿಯ ಸೊಸೆ ನೀಲವ್ವ. ಆಕೆ ಅರ್ಧ ಸಾಲು ಎತ್ತಿಕೊಟ್ಟರೆ ಉಳಿದರ್ಧವನ್ನು ಹಿಮ್ಮೇಳದವರು ಹಿಡಿಯಬೇಕು. ಹಿಮ್ಮೇಳದಲ್ಲಿ ಎಲ್ಲರಿಗಿಂತ ಗಟ್ಟಿ ದನಿ ಕಾಳವ್ವನದು. ಭಜನೆ ಮುಗಿದು ಪ್ರಸಾದ ಹಂಚುವ ಮೊದಲು ನೀಲವ್ವ ಚಾಳೀಸು ಏರಿಸಿಕೊಂಡು ಗೈಡು ತೆರೆದಳು. "ಹಗ್ಗವು ಇಲ್ಲಿ" ಎಂದು ಎತ್ತಿದಳು. "ದುಡಿಮೆಯ ಸಂಕೇತವಾಗಿದೆ!" ಎಂದು ಅಷ್ಟೂ ಹೆಂಗಸರು ತಾಳ ಬಡಿದು ಮುಗಿಸಿದರು. ನಿವೃತ್ತಿಯ ನಂತರ ಅಷ್ಟು ನಕ್ಕದ್ದು ಅಂದೇ. ಗುಡಿಯ ಕಟ್ಟೆಯ ಪಕ್ಕ ಕಾಯಿಪಲ್ಲೆ ಮಾರುವ ಕರೀಮಾಬಿ ಕೂಡ ಮೆಂತ್ಯೆಯ ಸೂಡು ಕೊಡುತ್ತ ನನ್ನನ್ನು ತಡೆದು ಕೇಳಿದಳು.

"ಅಕ್ಕೋರ, ಸಂಕೇತ ಅಂದ್ರ ಏನ್ರಿ? ನನಗೂ ಎಲ್ಲಾ ಬಾಯಿಪಾಠ ಆಗೇತಿ, ತಿಳಿದಿಲ್ಲ ಅಷ್ಟ."

ಪಾಸಾಗುವುದಕ್ಕೆ ಇನ್ನೇನು ಬೇಕು ಎಂದು ನಾನು ನಿಶ್ಚಿಂತಳಾದೆ. ಸುಮ್ಮನೆ ಕೈ ಪಳಗಲಿ ಎಂದು ಒಂದು ರವಿವಾರ ಪ್ರಶ್ನೆಪತ್ರಿಕೆ ಕೊಟ್ಟು, ಅಂಗಳದಲ್ಲಿ ಕೂರಿಸಿ, ಒಳಗೆ ಹೋಗಿ ಅಡುಗೆ ಮುಗಿಸಿಕೊಂಡು ಬಂದೆ. ಹಾಳೆಯ ಮೇಲೆ ಆಕೆಯ ಹೆಸರು ಬಿಟ್ಟರೆ ಏನೂ ಇರಲಿಲ್ಲ. ಪೆನ್ನು ಹಿಡಿದ ಬೆರಳು ಬೆಳ್ಳಗಾಗಿದ್ದವು.

"ಏನಾತು? ಎಲ್ಲಾ ಬರತೈತಲ್ಲ ನಿನಗ?"

"ಬರತೈತ್ರಿ. ಯಾರರ ಒಂದ್ ಮಾತು ಎತ್ತಿಕೊಡ್ರಿ ಅಕ್ಕೋರ. ಒಂದ ಮಾತು!"

ಪದ್ಯದ ಮೊದಲ ಶಬ್ದ ಹೇಳಿದೆ. ಕೈ ಓಡಿತು, ನುಡಿ ಮುಗಿಯುವವರೆಗೂ ಓಡಿ ಗಕ್ಕನೆ ನಿಂತಿತು. ಎರಡನೆಯ ನುಡಿಯ ಮೊದಲ ಶಬ್ದ ಹೇಳಿದೆ. ಮತ್ತೆ ಓಡಿತು. ಆಗ ನನಗೆ ಹೊಳೆಯಿತು. ಈಕೆಗೆ ಎಲ್ಲವೂ ಅರ್ಧದಿಂದ ಮುಂದೆ ಬರುತ್ತದೆ. ಶುರುವಿನ ಮಾತು ಒಂದೂ ಬರುವುದಿಲ್ಲ. ಪದ್ಯವಿರಲಿ, ಪ್ರಬಂಧವಿರಲಿ, ಮೊದಲರ್ಧ ಯಾವಾಗಲೂ ನೀಲವ್ವನದೇ ಆಗಿತ್ತು. ಪರೀಕ್ಷೆಯ ಕೋಣೆಯಲ್ಲಿ ನೀಲವ್ವ ಎಲ್ಲಿಂದ ಬರಬೇಕು?

ನನಗೆ ಸಿಟ್ಟು ನೆತ್ತಿಗೇರಿತು. ಮನೆಯಲ್ಲಿ ನೀನೇ ಎತ್ತು, ನೀನೇ ಹಿಡಿ, ಅದರಲ್ಲೇನಿದೆ ಎಂದು ಗದರಿಸಿದೆ. ಕಾಳವ್ವ ತಲೆ ತಗ್ಗಿಸಿದಳು.

"ನಮ್ಮನ್ಯಾಗ ನಾ ಎತ್ತಂಗಿಲ್ರಿ. ಹಿರೇ ಸೊಸಿ ಎತ್ತಬೇಕು, ಸಣ್ಣಾಕಿ ಹಿಡೀಬೇಕು. ಬೀಸೂ ಪದಾ ಇರ್ಲಿ, ಸೋಬಾನ ಇರ್ಲಿ, ಲಗ್ನ ಆಗಿ ಬಂದಾಗಿಂದ ಅಕ್ಕನ ಎತ್ತ್ಯಾಳ. ನಾ ಒಂದ್ ಸಾಲೂ ಎತ್ತಿಲ್ರಿ. ಎತ್ತಾಕ ಹ್ವಾದ್ರ ದನೀನ ಬರಂಗಿಲ್ಲ."

ಇದರಲ್ಲಿ ದಬ್ಬಾಳಿಕೆ ಏನೂ ಇರಲಿಲ್ಲ, ಅದನ್ನೂ ಹೇಳಬೇಕು. ನೀಲವ್ವ ಈಕೆಯ ಎರಡೂ ಬಾಣಂತನ ಮಾಡಿದವಳು. ಬಡಿಸುವಾಗ ಮೊದಲ ರೊಟ್ಟಿ ಹಿರಿಯರಿಗೆ ಹೋಗುವ ಹಾಗೆ ಪದದ ಮೊದಲ ಮಾತೂ ಹಿರಿಯಳಿಗೆ ಹೋಗುತ್ತಿತ್ತು, ಅಷ್ಟೇ. ಆದರೆ ಹಾಗೆ ಬಿಟ್ಟುಕೊಟ್ಟೂ ಬಿಟ್ಟುಕೊಟ್ಟೂ ಕಾಳವ್ವನಿಗೆ ಶುರು ಮಾಡುವುದೇ ಮರೆತುಹೋಗಿತ್ತು. ನಾನು ದಿನಾ ಕೂರಿಸಿ ಬರೆಸಲು ನೋಡಿದೆ, ನಯವಾಗಿ ಹೇಳಿದೆ, ಜೋರು ಮಾಡಿದೆ. ಪೆನ್ನು ಹಾಳೆಯ ಮೇಲೆ ನಿಂತಲ್ಲೇ ನಿಲ್ಲುತ್ತಿತ್ತು. ಸಂಕ್ರಾಂತಿ ಹೋಯಿತು, ಪರೀಕ್ಷೆ ಹತ್ತಿರ ಬಂತು. ಬೇರೆ ಟೀಚರಿಗಾಗಿ ಬಾಲವಾಡಿಯವರು ಆಗಲೇ ವಿಚಾರಿಸತೊಡಗಿದ್ದಾರೆ ಎಂಬ ಸುದ್ದಿಯೂ ಬಂತು.

ಆ ಸುದ್ದಿ ಬಂದ ಮೇಲಿನ ಸೋಮವಾರ ಕಾಳವ್ವ ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಎಲ್ಲರೂ ಕೂತಾಗಿತ್ತು. ನೀಲವ್ವ ತಾಳ ಕೈಗೆತ್ತಿಕೊಂಡಿದ್ದಳು. ಕಾಳವ್ವ ಹಿಂದಿನ ಸಾಲಿನಿಂದ ಎದ್ದು ನಿಂತಳು.

"ಅಕ್ಕಾ, ಇವತ್ತ ನಾ ಎತ್ತಲೇನು?"

ನೀಲವ್ವ ನನ್ನ ಕಡೆ ಒಮ್ಮೆ ನೋಡಿದಳು. ಇದು ನನ್ನದೇ ಕಿತಾಪತಿ ಎಂದು ತಿಳಿದಿರಬೇಕು. ಆಕೆಯ ಮುಖ ಸಣ್ಣದಾದದ್ದು ನನಗೆ ಕಾಣಿಸಿತು. ಯಾರಿಗೆ ತಾನೇ ಆಗುವುದಿಲ್ಲ?

"ನಾ ಹ್ವಾದ ಮ್ಯಾಲ ಎತ್ತಾಕಿ ಅಂತ ಮಾಡಿದ್ದೆ ನಿನ್ನ," ಎಂದಳು. ತಾಳವನ್ನು ಆಕೆಯ ಕೈಗಿಟ್ಟು, "ಎತ್ತು. ತಪ್ಪಿದ್ರ ನಾ ತಿದ್ದಂಗಿಲ್ಲ ಮತ್ತ," ಎಂದು ಎದ್ದು ಹಿಂದಿನ ಸಾಲಿಗೆ ಹೋಗಿ ಕೂತಳು.

ಕಾಳವ್ವ ಎತ್ತಿದಳು. ಹೆದರಿಕೆಗೆ ಎಷ್ಟು ಮೇಲೆ ಎತ್ತಿದಳೆಂದರೆ ಹಿಮ್ಮೇಳದವರಿಗೆ ಅಲ್ಲಿಗೆ ಮುಟ್ಟುವುದಿರಲಿ, ಬಾಯಿ ತೆರೆಯುವುದೂ ಆಗಲಿಲ್ಲ. ಒಬ್ಬಳಿಗೆ ಕೆಮ್ಮು ಹತ್ತಿತು, ಉಳಿದವರು ಕಿಸಕ್ಕನೆ ನಕ್ಕರು. ಕಾಳವ್ವನ ಕಣ್ಣಲ್ಲಿ ನೀರು. ಅಷ್ಟರಲ್ಲಿ ನೀಲವ್ವ ಎಲ್ಲರ ಮೇಲೂ ರೇಗಿದಳು.

"ಯಾಕ ನಗತೀರಿ? ಎತ್ತಾಕಿ ಎತ್ತ್ಯಾಳ. ಹಿಡೀರಿ!"

ಹಾಗೆಂದು ಆ ವಯಸ್ಸಿನಲ್ಲಿ, ಕೊರಳ ನರ ಉಬ್ಬಿಸಿ, ಕಿರುಚಿದಂಥ ಆ ಎತ್ತರದಲ್ಲೇ ಉಳಿದರ್ಧ ಸಾಲು ಹಾಡಿದಳು. ಅದು ಸಂಗೀತವೇನೂ ಆಗಿರಲಿಲ್ಲ, ಕಿವಿ ಮುಚ್ಚಿಕೊಳ್ಳುವ ಹಾಗಿತ್ತು. ಆದರೆ ಆ ಇಬ್ಬರು ಹೆಂಗಸರ ಮೇಲೆ ನನಗೆ ಅಂದು ಹುಟ್ಟಿದ ಗೌರವ ಇಂದಿಗೂ ಇಳಿದಿಲ್ಲ. ಕೇಳುವುದು ಕಷ್ಟ. ಕೇಳಿದವಳಿಗೆ ಬಿಟ್ಟುಕೊಟ್ಟು ಹಿಂದೆ ಕೂತು ದನಿಗೂಡಿಸುವುದು ಇನ್ನೂ ಕಷ್ಟ.

ಆಮೇಲಿನ ಸೋಮವಾರಗಳಲ್ಲಿ ಕಾಳವ್ವನ ಎತ್ತರ ಇಳಿಯಿತು, ದನಿ ಕುದುರಿತು. ಅಂಗಳದಲ್ಲಿ ಪೆನ್ನೂ ಅಲುಗಾಡತೊಡಗಿತು. ಬಸ್ಸಿನಲ್ಲಿ ಕೂತರೆ ಶುರುವಿನ ಸಾಲುಗಳನ್ನೇ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳಂತೆ. ಪಕ್ಕದವರು ಜಪ ಎಂದುಕೊಂಡು ಜಾಗ ಬಿಡುತ್ತಿದ್ದರಂತೆ. ಗೈಡು ಬಿಡು ಎಂದರೆ ಮಾತ್ರ ಬಿಡಲಿಲ್ಲ. ಮೊಂಡುತನದಲ್ಲಿ ನನಗೆ ಸರಿಜೋಡಿ.

ಪರೀಕ್ಷೆಯ ದಿನ ಹೋಗಬಾರದೆಂದುಕೊಂಡೇ ಹೋಗಿ ಗೇಟಿನ ಹೊರಗೆ ನಿಂತಿದ್ದೆ. ಮಕ್ಕಳೆಲ್ಲ ಗದ್ದಲ ಮಾಡುತ್ತ ಹೊರಬಂದ ಮೇಲೆ ಕೊನೆಗೆ ಕಾಳವ್ವ ಬಂದಳು. ನನ್ನ ಮುಖ ನೋಡಲಿಲ್ಲ.

"ಬರಲೇ ಇಲ್ರಿ ಅಕ್ಕೋರ," ಎಂದಳು.

"ಮತ್ತ ಶುರು ಮಾಡಾಕ ಆಗಲಿಲ್ಲೇನ?"

"ಅಲ್ರಿ, ಪದ್ಯಾ ಬರದೆ. ಪ್ರಬಂಧದ ಪ್ರಶ್ನಿ ಬರಲಿಲ್ಲ. ಬಾವಿಕಟ್ಟಿ ಪದ್ಯಾನ ಕೇಳ್ಯಾರ, ಆದ್ರ ಸಾರಾಂಶ ಕೇಳಿಲ್ಲ. ನೀರು ಸೇದೋ ಹೆಣ್ಣುಮಗಳ ಮನಸ್ಸನ್ನ ನಿಮ್ಮ ಮಾತಿನಾಗ ಬರೀರಿ ಅಂದಾರ. ಗೈಡಿನ್ಯಾಗ ಅದು ಇಲ್ಲೇ ಇಲ್ರಿ."

"ಬಿಟ್ಟಿ?"

"ಯಾಕ ಬಿಡ್ಲಿ? ನಾನ ಎತ್ತಿದೆ. ಕಲ್ಲಿನ ಮ್ಯಾಲ ಗೆರಿ ಬಿದ್ದಾವು ಅಂತ ಇಡೀ ಪದ್ಯಾ ಹೇಳತೈತಿ, ಆಕಿ ಕೈ ಏನಾಗಿರಬೇಕು ಅಂತ ಎಲ್ಲೂ ಹೇಳಿಲ್ಲ, ಅಂತ ಬರದೆ. ಆಮ್ಯಾಲ ಅದನ್ನ ಹಿಡ್ಕೊಂಡು ಹ್ವಾದೆ. ನಮ್ಮವ್ವನ ಕೈ ನೆನಪಾತು, ಅದನ್ನೂ ಬರದೆ. ತಪ್ಪಾತೇನ್ರಿ?"

ನಡುರಸ್ತೆಯಲ್ಲಿ ಆಕೆಯನ್ನು ಅಪ್ಪಿಕೊಂಡೆ. ನಾನು ಹಾಗೆಲ್ಲ ಮಾಡುವವಳಲ್ಲ. ಇಂಥ ಒಂದು ಮೊದಲ ವಾಕ್ಯ ಸಿಕ್ಕೀತೇ ಎಂದು ಎಷ್ಟು ಕಟ್ಟು ಉತ್ತರಪತ್ರಿಕೆ ತಿರುವಿಹಾಕಿದ್ದೇನೆಂಬುದು ನನಗೇ ಗೊತ್ತು.

ಕಾಳವ್ವ ಪಾಸಾದಳು. ಅಂಕ ಬಹಳೇನೂ ಇರಲಿಲ್ಲ, ಕಾಗುಣಿತ ಆಕೆಯ ಕೈಗೆ ಇನ್ನೂ ಪೂರ್ತಿ ಬಗ್ಗಿರಲಿಲ್ಲ. ಬಾಲವಾಡಿಯವರು ಮಾತಿಗೆ ತಪ್ಪಲಿಲ್ಲ. ಜೂನಿನಲ್ಲಿ ಸಣ್ಣ ಮಕ್ಕಳ ವರ್ಗ ಆಕೆಯದಾಯಿತು. ಎರಡನೆಯ ವಾರದಲ್ಲಿ ನಾನು ನೋಡಲೆಂದು ಹೋದೆ. ಕಿಟಕಿಯ ಹೊರಗೆ ಕೆಲವು ತಾಯಿತಂದೆಗಳೂ ನಿಂತಿದ್ದರು. ಒಳಗೆ ಮಕ್ಕಳು ದುಂಡಗೆ ಕೂತಿದ್ದವು. ಕಾಳವ್ವ ಅವುಗಳ ನಡುವೆ ಚಾಪೆಯ ಮೇಲೆ ಕೈ ಕಟ್ಟಿಕೊಂಡು ಸುಮ್ಮನೆ ಕೂತಿದ್ದಳು.

"ಹೊಸಾ ಟೀಚರ್ ಏನೂ ಹೇಳಿಕೊಡವಲ್ರಲ್ಲ. ಮಯೂರಿ ಮೇಡಂ ಇದ್ದಾಗ ತಾವ ಮುಂದ ನಿಂತು ಹಾಡತಿದ್ರು," ಎಂದು ಒಬ್ಬ ತಂದೆ ಗೊಣಗಿದ. ತುಸು ಬಾಯಿ ಮುಚ್ಚಿಕೊಂಡು ನೋಡಪ್ಪ ಎಂದೆ.

"ಇವತ್ತ ಯಾರು ಎತ್ತತೀರಿ?" ಎಂದು ಕಾಳವ್ವ ಮಕ್ಕಳನ್ನು ಕೇಳಿದಳು.

ಯಾರೂ ಅಲುಗಲಿಲ್ಲ. ಆಕೆ ಅವಸರ ಮಾಡಲಿಲ್ಲ, ಒಂದು ಶಬ್ದವನ್ನೂ ಎತ್ತಿಕೊಡಲಿಲ್ಲ. ಬಹಳ ಹೊತ್ತಾದ ಮೇಲೆ, ಬಂದಾಗಿನಿಂದ ಬಾಯಿ ಬಿಚ್ಚಿರದ ಸುಲ್ತಾನಾ ಎಂಬ ಪುಟ್ಟ ಹುಡುಗಿ, ಫ್ರಾಕಿನ ಅಂಚು ಹಿಂಡುತ್ತ, ಕೇಳಿಸಿಯೂ ಕೇಳಿಸದ ದನಿಯಲ್ಲಿ ಅರ್ಧ ಸಾಲು ಹಾಡಿದಳು. ಕಾಳವ್ವ ತನ್ನ ಗಟ್ಟಿ ದನಿಯನ್ನು ಅಷ್ಟೇ ಸಣ್ಣದು ಮಾಡಿಕೊಂಡು, ಉಳಿದ ಮಕ್ಕಳ ಜೊತೆ, ಮುಂದಿನ ಅರ್ಧವನ್ನು ಹಿಡಿದಳು.