ಬಲದಿಂದ ಎಡಕ್ಕೆ ಒಂದು ಹೆಸರು

ಪರದೇಶದ ಕೆಲ್ಲಿವಿಲ್ ಎಂಬ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಆಂಟಿ ಎಪ್ಪತ್ತು ದಾಟಿದ ಮೇಲೆ ತಮಗೆ ತಾವೇ ಅಕ್ಷರಾಭ್ಯಾಸ ಮಾಡಿಕೊಂಡರು. ಮಕ್ಕಳಿಗೆ ಮಾಡಿಸುವ ಹಾಗೆಯೇ ತಟ್ಟೆಯಲ್ಲಿ ಅಕ್ಕಿ ಹರಡಿ ಬೆರಳಿನಿಂದ ಬರೆಯುತ್ತಿದ್ದರು. ಬರೆಯುತ್ತಿದ್ದುದು ಮಾತ್ರ ಎಟ್ರಸ್ಕನ್ ಲಿಪಿ. ರೋಮ್ ದೊಡ್ಡದಾಗುವ ಮೊದಲೇ ಇಟಲಿಯಲ್ಲಿ ಬಾಳಿದ ಜನರದು, ಬಲದಿಂದ ಎಡಕ್ಕೆ ಸಾಗುವ ಬರಹ. ಕನ್ನಡದ ರೂಢಿಯಂತೆ ಬೆರಳು ಎಡದಿಂದ ಹೊರಟರೆ ತಟ್ಟೆ ಅಲುಗಾಡಿಸಿ ಎಲ್ಲ ಅಳಿಸಿಬಿಡುತ್ತಿದ್ದರು. "ಇನ್ನೊಮ್ಮೆ!"

ಆ ಅಕ್ಷರಗಳನ್ನು ಓದಬಹುದು, ಆದರೆ ಓದಿದ್ದರಲ್ಲಿ ಹೆಚ್ಚಿನದು ಇವತ್ತು ಯಾರಿಗೂ ಅರ್ಥವಾಗುವುದಿಲ್ಲ.

"ಅರ್ಥಾನೇ ಆಗಲ್ಲ ಅಂದ್ಮೇಲೆ ಯಾಕೆ ಕಲೀತೀರಾ ಆಂಟಿ?" ಎಂದು ಕೇಳಿದ್ದೆ.

"ನನ್ನ ಮೊಮ್ಮಗಳಿಗೆ ಕನ್ನಡ ತಿಳೀತದ, ಓದ್ಲಿಕ್ಕೆ ಬರೂದಿಲ್ಲ. ಇದು ಅದರ ಉಲ್ಟಾ. ಎರಡನ್ನೂ ಬಿಡೂದಿಲ್ಲ ನಾ."

ಸಿಟಿಯ ಮ್ಯೂಸಿಯಂ ಒಂದಕ್ಕೆ ಎಟ್ರಸ್ಕನ್ನರ ಚಿತಾಭಸ್ಮದ ಪೆಟ್ಟಿಗೆ ಬಂದಿದೆ ಎಂದು ತಿಳಿದದ್ದೇ ತಡ, ನನ್ನನ್ನೂ ಮೆಟ್ರೋ ಹತ್ತಿಸಿದರು. ಗಾಜಿನ ಮುಂದೆ ನಿಂತು, ಗಾಳಿಯಲ್ಲಿ ಬೆರಳಾಡಿಸುತ್ತಾ, ಪೆಟ್ಟಿಗೆಯ ಮೇಲಿದ್ದ ಅಕ್ಷರಗಳನ್ನು ಒಂದನೇ ಕ್ಲಾಸಿನ ಮಗುವಿನಂತೆ ಕೂಡಿಸಿ ಕೂಡಿಸಿ ಓದಿದರು. "ಲಾ... ರ್... ತಿ. ಲಾರ್ತಿ! ಹೆಣ್ಣುಮಗಳ ಹೆಸರು!"

ಆಮೇಲೆ ಹಿತ್ತಲಿನಲ್ಲಿರುವವರನ್ನು ಊಟಕ್ಕೆ ಕರೆಯುವ ಹಾಗೆ ಗಟ್ಟಿಯಾಗಿ ಕೂಗಿದರು: "ಲಾರ್ತೀ!"

ಸುತ್ತಲಿನವರು ತಿರುಗಿ ನೋಡಿದರು. ಗಾರ್ಡ್ ಹತ್ತಿರ ಬಂದು, "ಆಲ್ ಗುಡ್, ಮ್ಯಾಮ್?" ಎಂದ. ನಾನು ನಾಚಿಕೊಂಡು ಆಂಟಿಯ ತೋಳು ಹಿಡಿದೆ. ಅವರು ಕೊಡವಿಕೊಂಡರು.

"ಹೆಸರು ಹಿಡಿದು ಈಕಿನ್ನ ಯಾರರೆ ಕರೆದು ಯಾವ ಕಾಲ ಆತೋ ಏನೋ. ಇನ್ನೊಮ್ಮೆ!"

ಆ ಸಲ ನಾನೂ ಕೂಗಿದೆ.