ಪೆಲ್ ಮನೆಯ ಉತ್ತರದ ಗೋಡೆ

ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಅಪೊಲೋನಿಯಾ ಉತ್ತರದ ಗೋಡೆಯ ಬುಡದಲ್ಲಿ ಮಂಡಿಯೂರುತ್ತಿದ್ದಳು. ಮಾತೆ ಮರಿಯಳ ಒಂದು ಜಪ ಮುಗಿಯುವವರೆಗೆ ಗೋಡೆಗೆ ಅಂಗೈ, ಇನ್ನೊಂದು ಜಪ ಮುಗಿಯುವವರೆಗೆ ಕಿವಿ. ಗಂಡನನ್ನು ಮಣ್ಣು ಮಾಡಿದ ದಿನವೂ ಇದು ತಪ್ಪಲಿಲ್ಲ.

ಆ ಮನೆ ಅವಳದಲ್ಲ. ನೂರು ವರ್ಷದ ಹಿಂದೆ ಹೇಸರಗತ್ತೆಯ ಮೇಲೆ ಆಗಿನ್ನೂ ಅಮೆರಿಕಕ್ಕೆ ಸೇರಿರದ ನ್ಯೂ ಮೆಕ್ಸಿಕೋದ ನಮ್ಮ ಬೆಟ್ಟದೂರಿಗೆ ಬಂದ ಜೋಸಯಾ ಪೆಲ್ ಎಂಬ ಅಮೆರಿಕದವನದು. ತುಪ್ಪಳಕ್ಕಾಗಿ ಹೊಳೆಹೊಳೆಯಲ್ಲೂ ಬೀವರ್ ಹಿಡಿದವನು, ಕರಡಿಯ ಬಾಯಿಗೆ ಎರಡು ಬೆರಳು ಕೊಟ್ಟವನು, ಸೈನ್ಯಕ್ಕೆ ದಾರಿ ತೋರಿಸಲು ಹೋಗಿ ನವಾಹೋ ಬುಡಕಟ್ಟಿನ ಜನರ ಪೀಚ್ ತೋಟಗಳಿಗೆ ಬೆಂಕಿಯಿಟ್ಟವನು. ತೋಟದವರು ಒಂದು ದಿನ ಬಂದೇ ಬರುತ್ತಾರೆಂದು ಮುಪ್ಪಿನಲ್ಲಿ ಅವನಿಗೆ ದಿಗಿಲು ಹತ್ತಿತು. ಮೂರು ಅಡಿ ದಪ್ಪದ ಮಣ್ಣಿನ ಗೋಡೆ ಎಬ್ಬಿಸಿದ. ಉತ್ತರಕ್ಕೆ ಒಂದು ಕಿಂಡಿಯನ್ನೂ ಬಿಡಲಿಲ್ಲ. ಆ ಗೋಡೆಗೆ ಬೆನ್ನು ಕೊಟ್ಟು, ಕೂತೇ ನಿದ್ದೆ ಮಾಡುತ್ತಿದ್ದನಂತೆ.

ನಮ್ಮಲ್ಲಿ ಗೋಡೆ ಕಟ್ಟುವುದು ಗಂಡಸರು, ಮೆತ್ತುವುದು ಹೆಂಗಸರು. ವರ್ಷವರ್ಷವೂ ಹಿಮ ಕರಗಿದ ಮೇಲೆ ಮಣ್ಣು, ಹುಲ್ಲು ಕಲಸಿ ಅಂಗೈಯಲ್ಲೇ ಸವರಬೇಕು. ಪೆಲ್ ಬದುಕಿದ್ದಾಗ ಆ ಕೆಲಸ ಅಪೊಲೋನಿಯಾಳ ಅಜ್ಜಿಯದು. ಅವನು ಪಿಸ್ತೂಲಿನ ಹಿಡಿಯಿಂದ ಗೋಡೆ ಕುಟ್ಟುತ್ತ ಅವಳ ಹಿಂದೆಯೇ ಸುತ್ತುತ್ತಿದ್ದ.

"ಗಟ್ಟಿ ಐತೇನೆ?"

"ಗಟ್ಟಿ ಇದ್ರೆ ಸಾಲ್ದು ಯಜಮಾನ್ರೆ, ಅದು ಉಸಿರಾಡ್ಬೇಕು," ಅನ್ನುತ್ತಿದ್ದಳಂತೆ ಅಜ್ಜಿ.

ಈಗ ಮನೆ ಊರಿನ ಸಮಿತಿಯದು. ಪೆಲ್‌ನ ಬಂದೂಕು, ಕರಡಿ ಚರ್ಮ ನೋಡಲು ದೂರದಿಂದ ಜನ ಬರುತ್ತಿದ್ದರು. ಹಿಂದಿನ ಅಡಿಗೆಕೋಣೆಯಲ್ಲಿದ್ದುಕೊಂಡು ಕಾವಲು ಕಾಯುತ್ತಿದ್ದವಳು ಅಪೊಲೋನಿಯಾ. ಎರಡು ವರ್ಷದ ಹಿಂದೆ ಸಮಿತಿಯ ಹಿರಿಯ, ನಾವು ಗೌರವದಿಂದ ದೋನ್ ಎಂದು ಕರೆಯುವ ಎಲೂತೇರಿಯೋ ಸಿಮೆಂಟು ತರಿಸಿದರು. "ಒಂದ್ಸಲ ಬಳಿದ್ರೆ ಮುಗೀತು. ನಿನ್ನ ಮಂಡಿಗೂ ಬಿಡುವು ಬೇಡ್ವೇನೆ?" ಎಂದರು. ಅವಳು ಒಪ್ಪಿದಳು. ಪಕ್ಕದ ಮನೆಯವಳಾದ ನಾನೂ ಒಪ್ಪಿದೆ. ಊರಿನ ಒಬ್ಬ ಹೆಂಗಸೂ ಬೇಡ ಅನ್ನಲಿಲ್ಲ. ಅಷ್ಟು ದಣಿದಿದ್ದೆವು.

ಈ ವರ್ಷ ಹಿಮ ಕರಗುವಾಗ ಅವಳ ಅಂಗೈಗೆ ಗೋಡೆ ಹೆಣದ ಹಣೆಯಂತೆ ತಣ್ಣಗೆ ತಾಗಿತು. ಕೆಲವು ದಿನ ಕಳೆದ ಮೇಲೆ ಕಿವಿಗೆ ಸದ್ದು ಬಿತ್ತು. ಗೋಡೆಯೊಳಗೆ ಯಾರೋ ಮೊರದಲ್ಲಿ ಜೋಳ ಕೇರುವಂತೆ, ಬಹಳ ಮೆಲ್ಲಗೆ.

ಅವಳು ಎಲೂತೇರಿಯೋ ಅವರ ಅಂಗಡಿಗೆ ಹೋದಳು. ಜೊತೆಗೆ ನಾನೂ ಹೋದೆ.

"ಗೋಡೆ ಒಳಗೆ ಕೊಳೀತಾ ಐತೆ ದೋನ್. ನೀರು ಹೋಗಿ ಕೂತೈತೆ, ಹೊರಗೆ ಬರೋಕೆ ದಾರಿ ಇಲ್ಲ."

"ಮೊಟ್ಟೆ ಹಂಗೆ ನುಣ್ಣಗೆ, ಬೆಳ್ಳಗೆ ಐತಲ್ಲೇ! ಪೆಲ್ ದೆವ್ವ ಮಗ್ಗುಲು ಬದಲಾಯಿಸಿರ್ಬೇಕು, ಅದನ್ನ ಕೇಳಿದೀಯ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

"ಸಂತ ಇಸಿದ್ರೋ ಹಬ್ಬಕ್ಕೆ ಮಕ್ಕಳ್ನ ಆ ಗೋಡೆಗೆ ಒರಗಿಸಿ ಕೂರಿಸ್ಬೇಡಿ. ಅಷ್ಟೇ ಕೇಳ್ತೀನಿ."

"ಹನ್ನೊಂದು ಮಕ್ಕಳು, ಅಲ್ಲೇ ಹಾಡ್ತಾರೆ. ಬೆಂಚೂ ಹಾಕ್ಸಿ ಆಗಿದೆ. ಹೋಗು, ಒಂದು ಜಪ ಜಾಸ್ತಿ ಮಾಡು."

ಹಬ್ಬಕ್ಕೆ ನಾಲ್ಕು ದಿನವಿತ್ತು. ಅಷ್ಟೂ ದಿನ ಅವಳು ನೆಟ್ಟಗೆ ಉಣ್ಣಲಿಲ್ಲ. ಗೋಡೆ ಒಡೆದು ತೋರಿಸೋಣವೆಂದರೆ, ಒಳಗೆ ಒಣಗಿದ್ದರೆ ಊರ ಆಸ್ತಿ ಹಾಳು ಮಾಡಿದಳೆಂದು ಹೊರಗೆ ಹಾಕುತ್ತಾರೆ. ಹೋಗಲು ಬೇರೆ ಸೂರಿಲ್ಲ. ಒಡೆಯದೆ ಬಿಟ್ಟರೆ ಆ ಹನ್ನೊಂದು ತಲೆಗಳು. ಅವಳ ಪಕ್ಕದಲ್ಲಿ ಕೂತು ನಾನೂ ಕಿವಿಯಿಟ್ಟೆ. ಸದ್ದು ನಿಂತಿತ್ತು.

"ಒಳ್ಳೇದಾಯ್ತಲ್ಲ?" ಎಂದೆ.

"ಇಲ್ಲ ಕಣೆ. ಉದುರೋಕೆ ಒಳಗೆ ಇನ್ನೇನೂ ಉಳಿದಿಲ್ಲ."

ಹಬ್ಬದ ದಿನ ಪೂಜೆ ಮುಗಿಸಿ ಮಕ್ಕಳು ಬಿಳಿ ಅಂಗಿಯಲ್ಲಿ ಪೆಲ್ ಮನೆಯೊಳಗೆ ಬಂದು, ಉತ್ತರದ ಗೋಡೆಗೆ ಒರಗಿ ಬೆಂಚಿನ ಮೇಲೆ ಕೂತರು. ಅಪೊಲೋನಿಯಾ ಗುದ್ದಲಿ ಹಿಡಿದು ಒಳಗೆ ಬಂದಳು. ಬೆಂಚಿನ ತುದಿಯಲ್ಲಿ ಬಗ್ಗಿ ಗೋಡೆಯ ಬುಡಕ್ಕೆ ಒಂದು ಏಟು ಹಾಕಿದಳು. ಖಾಲಿ ಹಂಡೆಯ ಸದ್ದು ಬಂತು. "ಹಿಡೀರಿ ಅವಳನ್ನ!" ಎಂದು ಎಲೂತೇರಿಯೋ ಕೂಗಿದರು. ಎರಡನೆಯ ಏಟಿಗೆ ಸಿಮೆಂಟಿನ ಚಕ್ಕೆಯೊಂದು ಕಳಚಿ ಬಿತ್ತು. ಹಿಂದಿನಿಂದ ಕಪ್ಪು ಕೆಸರು ಅಂಬಲಿಯಂತೆ ಹರಿದು ಬಂತು. ಅವಳು ತೂತಿಗೆ ಕೈ ಹಾಕಿದಳು. ಮೊಣಕೈವರೆಗೂ ಹೋಯಿತು.

ಮೇಲೆ ತೊಲೆಯೊಂದು ಕಿರ್ ಎಂದಿತು.

"ಓಡ್ಬೇಡಿ ಮಕ್ಳೇ," ಅವಳು ಕೈ ಹೊರಗೆಳೆಯದೆ ಮೆಲ್ಲಗೆ ಹೇಳಿದಳು. "ಮೆರವಣಿಗೇಲಿ ನಡೀತೀರಲ್ಲ, ಹಂಗೆ. ಒಬ್ಬೊಬ್ರೇ."

ನಾನು ಬಾಗಿಲಲ್ಲಿ ನಿಂತು ಎಣಿಸಿದೆ. ಹತ್ತು. ಹನ್ನೊಂದನೆಯವಳು ಪುಟ್ಟ ಇನೇಸ್, ಹೆದರಿ ಬೆಂಚನ್ನು ಅಪ್ಪಿಕೊಂಡಿದ್ದಳು. ಅಪೊಲೋನಿಯಾ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಎತ್ತಿಕೊಂಡು, ಕೆಸರುಗೈಯಲ್ಲೇ ಹೊರಗೆ ಬಂದಳು. ನಾವು ಅಂಗಳ ದಾಟುವಷ್ಟರಲ್ಲಿ ಗೋಡೆ ಉಸ್ಸೆಂದು ಕುಸಿದು ಕೂತಿತು. ಆ ಕಡೆಯ ಚಾವಣಿ ಅದರ ಮೇಲೆ ಬಿತ್ತು. ಬೆಂಚು ಮತ್ತೆ ಕಾಣಲಿಲ್ಲ.

ಇನೇಸ್ ಎಲೂತೇರಿಯೋ ಅವರ ಮೊಮ್ಮಗಳು. ಮೂರನೆಯ ದಿನ ಅವರು ಟೋಪಿ ಕೈಯಲ್ಲಿ ಹಿಡಿದು ನಮ್ಮ ಮನೆಗೆ ಬಂದರು. ಅಪೊಲೋನಿಯಾ ಆಗ ನಮ್ಮಲ್ಲೇ ಇದ್ದಳು.

"ನಮ್ಮನೆ ಪಕ್ಕ ಇಟ್ಟಿಗೆ ಕೋಣೆ ಇದೆ ಕಣಮ್ಮ. ಬೆಚ್ಚಗಿರುತ್ತೆ. ಬದುಕಿರೋವರೆಗೂ ಇರು. ಇನ್ಮೇಲೆ ನೀನು ಯಾವ ಗೋಡೆಗೂ ಹೆದರೋದು ಬೇಡ."

ಅವಳು ಅಂಗೈ ನೋಡಿಕೊಂಡಳು.

"ಬೇಡ ದೋನ್," ಎಂದಳು. "ಪೆಲ್ ಮನೆ ದಕ್ಷಿಣದ ಗೋಡೆ ಇನ್ನೂ ನಿಂತೈತೆ, ಅದಕ್ಕೂ ಅದೇ ಸಿಮೆಂಟು ಬಳಿದಿದೀವಿ. ಅದಕ್ಕೆ ಕಿವಿಯಿಡೋಕೆ ನಾನು ಅಲ್ಲೇ ಇರ್ಬೇಕು."